ಗುಪ್ತಸಂಘಗಳು, ನೀತಿ ಸಂಶೋಧನೆ ಮತ್ತು ಪಿತೂರಿ ಸಿದ್ಧಾಂತಗಳು: ನರಗುಂದ ಸೀಮೆಯ ನೆಲೆಯಿಂದ

ಸರ್ಕಾರದ ಧೋರಣೆಗಳನ್ನು ರೂಪಿಸುವ ಆಯೋಗ, ತಜ್ಞರ ಸಮಿತಿ, ಸಂಶೋಧನಾ ಸಂಸ್ಥೆಗಳ ಬೆನ್ನಹಿಂದೆ ಹೊರಗೆ ಕಾಣದ ಕೂಟವೊಂದು ಕುಳಿತು ಸೂತ್ರ ಹಿಡಿದಿದೆ ಎಂಬ ನಂಬಿಕೆ ಎರಡು ಶತಮಾನಗಳಿಗಿಂತಲೂ ಹಳೆಯದು. ಯುರೋಪಿನಲ್ಲಿ ಇಲ್ಯುಮಿನಾಟಿ ಮತ್ತು ಫ್ರೀಮೇಸನ್, ಅಮೆರಿಕದಲ್ಲಿ ವಿದೇಶಾಂಗ ಸಂಬಂಧಗಳ ಮಂಡಳಿ ಮತ್ತು ಬಿಲ್ಡರ್‌ಬರ್ಗ್ ಸಭೆ, ಭಾರತದಲ್ಲಿ ‘ವಿದೇಶಿ ಕೈ’ ಎಂದು ಕಾಲಕಾಲಕ್ಕೆ ಅದಕ್ಕೆ ಬೇರೆ ಬೇರೆ ಹೆಸರು. ಕಥೆಯ ಚೌಕಟ್ಟು ಮಾತ್ರ ಹೆಚ್ಚು ಬದಲಾಗಿಲ್ಲ: ಬೆರಳೆಣಿಕೆಯ ಜನ, ಗುಟ್ಟಿನ ಪ್ರಮಾಣ, ಎಲ್ಲ ಕಚೇರಿಗಳಲ್ಲೂ ಅವರ ಬಂಟರು, ಎಂದೋ ಬರೆದಿಟ್ಟ ಯೋಜನೆ.

ಕನ್ನಡ ನಾಡಿನಲ್ಲಿ ಈ ವಿಷಯವನ್ನು ಪರಿಶೀಲಿಸಲು ಗದಗ ಜಿಲ್ಲೆಯ ನರಗುಂದ, ರೋಣ ಮತ್ತು ಗಜೇಂದ್ರಗಡ ಸೀಮೆ ತಕ್ಕ ನೆಲೆ. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದ ಈ ಎರೆನೆಲದ ಪ್ರದೇಶ 1785ರ ನರಗುಂದ ಮುತ್ತಿಗೆ, 1787ರ ಗಜೇಂದ್ರಗಡ ಒಪ್ಪಂದ, 1858ರ ಬಂಡಾಯ, 1980ರ ರೈತ ಬಂಡಾಯ, 2015ರಿಂದ ನಡೆದ ಮಹದಾಯಿ ಹೋರಾಟ ಎಲ್ಲವನ್ನೂ ಕಂಡಿದೆ. ಇಲ್ಲಿ ನಿಜವಾದ ಸಂಚುಗಳೂ ನಡೆದಿವೆ, ಊಹೆಯ ಸಂಚುಗಳೂ ಹುಟ್ಟಿವೆ. ಪಿತೂರಿಯ ಕಥೆಯನ್ನು ನಂಬುವವರು ಓದುಬರಹ ಕಡಿಮೆಯಿರುವ ಜನ ಎಂಬ ಗ್ರಹಿಕೆ ಸಾಮಾನ್ಯವಾಗಿದೆ. ಈ ಸೀಮೆಯ ಇತಿಹಾಸ ಅದನ್ನು ಒಪ್ಪುವುದಿಲ್ಲ. ಅಂಥ ಕಥೆಯನ್ನು ಬರೆದು, ಅಚ್ಚು ಹಾಕಿಸಿ, ಅದರ ಮೇಲೆ ಧೋರಣೆ ಕಟ್ಟಿದವರಲ್ಲಿ ಆಳುವವರೇ ಮುಂದಿದ್ದರು.

ಯುರೋಪಿನ ಮೂಲ, ಶ್ರೀರಂಗಪಟ್ಟಣದ ಕ್ಲಬ್ಬು

ಆಡಂ ವೈಸ್‌ಹೌಪ್ಟ್ ಎಂಬ ಕಾನೂನು ಪ್ರಾಧ್ಯಾಪಕ 1776ರ ಮೇ 1ರಂದು ಬವೇರಿಯದ ಇಂಗೊಲ್‌ಸ್ಟಾಟ್‌ನಲ್ಲಿ ಇಲ್ಯುಮಿನಾಟಿ ಸಂಘವನ್ನು ಕಟ್ಟಿದ. ಚರ್ಚಿನ ಹಿಡಿತದಿಂದ ವಿದ್ಯಾಭ್ಯಾಸ ಮತ್ತು ಆಡಳಿತಗಳನ್ನು ಬಿಡಿಸುವುದು ಅದರ ಗುರಿ. ಸದಸ್ಯರಿಗೆ ಗುಪ್ತನಾಮಗಳಿದ್ದವು, ಮೆಟ್ಟಿಲು ಮೆಟ್ಟಿಲಾದ ದೀಕ್ಷೆಯಿತ್ತು. 1784–85ರ ಆಜ್ಞೆಗಳಿಂದ ಬವೇರಿಯದ ಅರಸು ಅದನ್ನು ನಿಷೇಧಿಸಿದ, ಸಂಘ ಅಲ್ಲಿಗೆ ಮುಗಿಯಿತು. ಅದರ ಕಥೆ ಬೆಳೆದದ್ದು ಆಮೇಲೆ. ಫ್ರೆಂಚ್ ಕ್ರಾಂತಿಯ ಬಿರುಸಿಗೆ ಕಾರಣ ಹುಡುಕುತ್ತಿದ್ದ ಪಾದ್ರಿ ಆಗಸ್ಟಿನ್ ಬಾರ್ವೆಲ್ ಮತ್ತು ಎಡಿನ್‌ಬರೋದ ಭೌತವಿಜ್ಞಾನಿ ಜಾನ್ ರಾಬಿಸನ್ ಇಬ್ಬರೂ 1797ರಲ್ಲಿ ಪುಸ್ತಕ ಪ್ರಕಟಿಸಿ, ಕ್ರಾಂತಿಯನ್ನು ಮಾಡಿಸಿದ್ದು ಈ ಗುಪ್ತಸಂಘಗಳೇ ಎಂದು ವಾದಿಸಿದರು. ಇಂದಿಗೂ ಹರಿದಾಡುವ ಇಲ್ಯುಮಿನಾಟಿ ಕಥೆಗಳ ಬೇರು ಈ ಎರಡು ಪುಸ್ತಕಗಳಲ್ಲಿದೆ.

ಅದೇ 1797ರಲ್ಲಿ ಕನ್ನಡ ನೆಲದಲ್ಲೂ ಒಂದು ಪ್ರಸಂಗ ನಡೆಯಿತು. ಹಾನಿಗೊಂಡ ಹಡಗಿನಲ್ಲಿ ಮಂಗಳೂರಿಗೆ ಬಂದಿಳಿದ ಫ್ರೆಂಚ್ ನಾವಿಕ ರಿಪೋ ಶ್ರೀರಂಗಪಟ್ಟಣಕ್ಕೆ ಹೋಗಿ ಟಿಪ್ಪು ಸುಲ್ತಾನನ ಆಸ್ಥಾನದಲ್ಲಿ ತಾನು ಫ್ರಾನ್ಸಿನ ಪ್ರತಿನಿಧಿ ಎಂಬಂತೆ ನಡೆದುಕೊಂಡ. ಅಲ್ಲಿದ್ದ ಫ್ರೆಂಚ್ ಸಿಪಾಯಿಗಳು ಫ್ರೆಂಚ್ ಕ್ರಾಂತಿಕಾರಿಗಳ ಮಾದರಿಯಲ್ಲಿ ‘ಜಾಕೋಬಿನ್ ಕ್ಲಬ್’ ಕಟ್ಟಿ, ಸ್ವಾತಂತ್ರ್ಯದ ಗಿಡ ನೆಟ್ಟು, ಅರಸರ ವಿರುದ್ಧ ಪ್ರಮಾಣ ಮಾಡಿದರೆಂದು ಆಮೇಲೆ ಬಂದ ಕಾಗದಪತ್ರಗಳು ಹೇಳಿದವು. ಟಿಪ್ಪು ಮಾರಿಷಸ್ ದ್ವೀಪಕ್ಕೆ ರಾಯಭಾರಿಗಳನ್ನು ಗುಟ್ಟಾಗಿ ಕಳಿಸಿದ್ದು, ಅಲ್ಲಿನ ಗವರ್ನರ್ ಮಲಾರ್ತಿಕ್ 1798ರ ಜನವರಿ 30ರಂದು ಆ ಗುಟ್ಟನ್ನು ಸಾರ್ವಜನಿಕ ಘೋಷಣೆಯನ್ನಾಗಿಸಿದ್ದು ಎರಡೂ ನಿಜ. ಸಹಾಯಕ್ಕೆ ಬಂದವರು ನೂರರ ಆಸುಪಾಸು. ಟಿಪ್ಪುವಿನ ಮೇಲೆ ಯುದ್ಧ ಹೂಡಲು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅಷ್ಟು ಸಾಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿದವೆಂಬ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸಿ ಅದೇ ವರ್ಷ ಕಲ್ಕತ್ತದಲ್ಲಿ ಅಚ್ಚು ಹಾಕಿಸಲಾಯಿತು. ಯುದ್ಧ ಏಕೆ ಅನಿವಾರ್ಯವಾಗಿತ್ತು ಎಂದು ಲಂಡನ್ನಿಗೆ ತೋರಿಸಲು ಆ ಸಂಪುಟ ಬಳಕೆಯಾಯಿತು. ಕ್ಲಬ್ಬಿನ ಕಾಗದಗಳ ಸಾಚಾತನವನ್ನು ಇತ್ತೀಚಿನ ಫ್ರೆಂಚ್ ಇತಿಹಾಸಕಾರರು, ಅವರಲ್ಲಿ ಜಾನ್ ಬೂತಿಯೆ, ಗಟ್ಟಿಯಾಗಿಯೇ ಪ್ರಶ್ನಿಸಿದ್ದಾರೆ.

ಟಿಪ್ಪು ಇಂಗ್ಲಿಷರ ವಿರುದ್ಧ ಫ್ರೆಂಚರ ನೆರವು ಕೇಳಿದ್ದು ರಾಜಕಾರಣ. ಎಲ್ಲ ಅರಸರೂ ಅದನ್ನು ಮಾಡುತ್ತಿದ್ದರು. ಅದಕ್ಕೆ ಹನ್ನೆರಡು ವರ್ಷ ಹಿಂದೆ ನರಗುಂದದ ವೆಂಕಟರಾವ್ ಭಾವೆ ಟಿಪ್ಪುವಿಗೆ ಎದುರು ನಿಂತದ್ದೂ ಪುಣೆ ದರ್ಬಾರು ಬೆನ್ನಿಗಿದೆ ಎಂಬ ಭರವಸೆಯಿಂದ. ಅದರಿಂದ ಹೊತ್ತಿದ ಟಿಪ್ಪು–ಮರಾಠ ಯುದ್ಧ ಮುಗಿದದ್ದು ಗಜೇಂದ್ರಗಡದ ಒಪ್ಪಂದದಲ್ಲಿ, ಬಾದಾಮಿ, ಕಿತ್ತೂರು, ನರಗುಂದಗಳನ್ನು ಟಿಪ್ಪು ಬಿಟ್ಟುಕೊಟ್ಟ ಮೇಲೆ. ಗುಟ್ಟಿನ ಓಲೆಗಳು ಎರಡೂ ಕಡೆ ಓಡಾಡಿದ್ದವು. ಹಾಗೆಂದು 1787ರಲ್ಲಿ ಯಾರೂ ಅದನ್ನು ಜಗತ್ತನ್ನು ಆವರಿಸಿದ ಗುಪ್ತಸಂಘದ ಕೆಲಸ ಎನ್ನಲಿಲ್ಲ. 1799ಕ್ಕೆ ಬರುವಷ್ಟರಲ್ಲಿ ಬಾರ್ವೆಲ್, ರಾಬಿಸನ್ನರ ಭಯ ಇಂಗ್ಲೆಂಡಿನ ಓದುಗರ ಮನಸ್ಸಿನಲ್ಲಿ ಇಳಿದಿತ್ತು, ಮೈಸೂರಿನ ‘ಕ್ಲಬ್ಬು’ ಅವರಿಗೆ ನಂಬುವಂಥದ್ದಾಗಿ ಕಂಡಿತು.

ನರಗುಂದ, 1858

ನರಗುಂದದ ಕೊನೆಯ ಅರಸು ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ. ಅವನಿಗೆ ಗಂಡುಸಂತಾನ ಉಳಿಯಲಿಲ್ಲ. ದತ್ತು ತೆಗೆದುಕೊಳ್ಳಲು ಕೇಳಿದ ಅನುಮತಿಯನ್ನು ಕಂಪನಿ ಸರ್ಕಾರ ನಿರಾಕರಿಸಿತು. 1852ರ ಕಾಯ್ದೆಯಡಿ ಇನಾಂ ಆಯೋಗ ದಕ್ಷಿಣ ಮರಾಠಾ ಸೀಮೆಯ ಹಳ್ಳಿಹಳ್ಳಿಯ ಇನಾಂ ಹಕ್ಕುಗಳ ಕಾಗದ ಕೇಳುತ್ತ ಬಂದು, ಕಾಗದ ತೋರಿಸಲಾಗದ ದೇಸಾಯಿ, ದೇಶಮುಖ, ದೇವಸ್ಥಾನಗಳ ಭೂಮಿಯನ್ನು ಸರ್ಕಾರಕ್ಕೆ ಸೇರಿಸುತ್ತಿತ್ತು. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆ ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದು ಆ ವರ್ಷದ ನವೆಂಬರಿನಲ್ಲಿ ದಂಗೆ ಎದ್ದರು.

1858ರ ಮೇ ಕೊನೆಯ ವಾರ ಮುಂಡರಗಿ ಭೀಮರಾಯ ಡಂಬಳದ ಖಜಾನೆ ಹಿಡಿದು ಕೊಪ್ಪಳದ ಕೋಟೆ ಸೇರಿದ. ಜೊತೆಗೆ ಹಮ್ಮಿಗಿಯ ಕೆಂಚನಗೌಡ. ಇತ್ತ ಬಾಬಾಸಾಹೇಬ ಬಂಡೆದ್ದ. ದಕ್ಷಿಣ ಮರಾಠಾ ಸೀಮೆಯ ರಾಜಕೀಯ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಸಣ್ಣ ಪರಿವಾರದೊಡನೆ ರಾಮದುರ್ಗದಿಂದ ನರಗುಂದದ ಕಡೆ ಹೊರಟು ಸುರೇಬಾನದಲ್ಲಿ ತಂಗಿದ್ದ. ಮೇ 29ರ ರಾತ್ರಿ ಅವನ ಕೊಲೆಯಾಯಿತು, ಅವನ ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಲಾಯಿತು. ಜೂನ್ 1ರಂದು ಕೊಪ್ಪಳದಲ್ಲಿ ಭೀಮರಾಯ, ಕೆಂಚನಗೌಡರು ಸತ್ತರು. ಅದೇ ಹೊತ್ತಿಗೆ ಕರ್ನಲ್ ಮಾಲ್ಕಮ್‌ನ ಸೈನ್ಯ ನರಗುಂದವನ್ನು ಹಿಡಿಯಿತು. ತಪ್ಪಿಸಿಕೊಂಡ ಬಾಬಾಸಾಹೇಬನನ್ನು ತೊರಗಲ್ ಕಾಡಿನ ಬಳಿ ಫ್ರಾಂಕ್ ಸೂಟರ್ ಸೆರೆಹಿಡಿದ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಾಯಿತು. ದಂಗೆಯ ಆರಂಭದಿಂದ ಗಲ್ಲಿನವರೆಗೆ ಮೂರು ವಾರವೂ ಹಿಡಿಯಲಿಲ್ಲ.

ಈ ಸೀಮೆಯ ವಿಶೇಷ ಕಮಿಷನರಾಗಿದ್ದ ಸರ್ ಜಾರ್ಜ್ ಲೆಗ್ರಾಂಡ್ ಜೇಕಬ್ 1871ರಲ್ಲಿ ಪಶ್ಚಿಮ ಭಾರತದ ದಂಗೆಗಳ ಬಗ್ಗೆ ನೆನಪಿನ ಪುಸ್ತಕ ಪ್ರಕಟಿಸಿದ. ಪಿತೂರಿಗಾರರ ಒಂದೊಂದು ಗುಂಪೂ ಬೇರೆಬೇರೆಯಾಗಿ ಕೆಲಸ ಮಾಡುತ್ತ, ನಡುವಿನ ಕೊಂಡಿಯನ್ನು ಮರೆಮಾಡಿ, ತನಗೆ ಬೇಕಾದಷ್ಟು ಮಾತ್ರ ತಿಳಿದುಕೊಂಡಿತ್ತು ಎಂದು ಅವನು ಅದರಲ್ಲಿ ವರ್ಣಿಸಿದ್ದಾನೆ. ಬಾರ್ವೆಲ್ ಇಲ್ಯುಮಿನಾಟಿಯನ್ನು ವರ್ಣಿಸಿದ್ದು ಇದೇ ಬಗೆಯಲ್ಲಿ. ಕೊಂಡಿ ಕಾಣದಿದ್ದರೆ ಅದೇ ಕೊಂಡಿ ಇರುವುದಕ್ಕೆ ಸಾಕ್ಷಿ ಎನ್ನುವ ತರ್ಕವನ್ನು ಯಾವ ದಾಖಲೆಯೂ ಸುಳ್ಳೆಂದು ತೋರಿಸಲಾರದು. ಪಿತೂರಿ ಸಿದ್ಧಾಂತಗಳ ಬಲವೂ ದೋಷವೂ ಇಲ್ಲಿಯೇ ಇವೆ.

ಹಾಗಾದರೆ ನರಗುಂದದಲ್ಲಿ ಸಂಚೇ ನಡೆಯಲಿಲ್ಲವೆ? ನಡೆಯಿತು. ಭೀಮರಾಯ, ಹಮ್ಮಿಗಿ ಗೌಡ, ಡಂಬಳ ಸೀಮೆಯ ದೇಸಾಯರು, ನರಗುಂದದ ಅರಸು ಇವರ ನಡುವೆ ಮಾತುಕತೆಯಾಗಿತ್ತು. ಆಯುಧಗಳನ್ನು ಕೂಡಿಡಲಾಗಿತ್ತು. ದಂಗೆಗೆ ಕರೆದ ಬಾಬಾಸಾಹೇಬನ ಓಲೆ ಅವನ ಮಲಸಹೋದರನಾದ ರಾಮದುರ್ಗದ ಅರಸನ ಮೂಲಕವೇ ಮ್ಯಾನ್ಸನ್ನನಿಗೆ ತಿಳಿಯಿತು. ಇದು ಪರಸ್ಪರ ಬಲ್ಲ ಜನ, ಒಂದೇ ಬಗೆಯ ಅನ್ಯಾಯ ಉಂಡವರು, ಕೆಲವು ತಾಲ್ಲೂಕುಗಳ ಅಳತೆಯಲ್ಲಿ ಮಾಡಿದ ಸಂಚು. ಬೇಗ ಬಯಲಾಯಿತು, ಹೊಂದಾಣಿಕೆಯಿಲ್ಲದೆ ಸೋತಿತು. ದೆಹಲಿಯಿಂದ ಕೊಪ್ಪಳದವರೆಗೆ ಒಂದೇ ಗುಪ್ತಸಂಘ ಹೆಣೆದ ಬಲೆ ಎಂಬುದಕ್ಕೂ ಇದಕ್ಕೂ ಬಹಳ ದೂರ. ಸಾವರ್ಕರರು 1857ರ ದಂಗೆಯ ಬಗ್ಗೆ ಬರೆದ 1909ರ ತಮ್ಮ ಪುಸ್ತಕದಲ್ಲಿ ಜೇಕಬ್‌ನ ಮಾತನ್ನೇ ಎತ್ತಿಕೊಂಡು, ಆಳುವವರ ಅನುಮಾನವನ್ನು ಆಳಿಸಿಕೊಂಡವರ ಹೆಮ್ಮೆಯನ್ನಾಗಿ ತಿರುಗಿಸಿದರು. 1957ರಲ್ಲಿ ಆ ದಂಗೆಯ ಶತಮಾನೋತ್ಸವದ ವೇಳೆಗೆ ಇತಿಹಾಸಕಾರರಾದ ಸುರೇಂದ್ರನಾಥ ಸೇನ್ ಮತ್ತು ಆರ್.ಸಿ. ಮಜುಂದಾರ್ ಮೊದಲೇ ಹೂಡಿದ ಅಖಿಲ ಭಾರತ ಸಂಚಿಗೆ ಪುರಾವೆಯಿಲ್ಲ ಎಂಬ ತೀರ್ಮಾನಕ್ಕೆ ಬಂದರು.

ಜನರ ನೆನಪು ಈ ವಿಷಯದಲ್ಲಿ ಅಧಿಕಾರಿಗಳ ಬರಹಕ್ಕಿಂತ ನೇರವಾಗಿತ್ತು. ಮುಂಬಯಿ ಸರ್ಕಾರದ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿ ಬೇಡರದೂ ಒಂದು. ಅದು ಗುಪ್ತಕೂಟವನ್ನು ಹುಡುಕುವುದಿಲ್ಲ, ಆಯುಧ ಕಿತ್ತುಕೊಳ್ಳುವ ಹುಕುಮು ಬಂತು, ಅದಕ್ಕೇ ದಂಗೆಯಾಯಿತು ಎಂದು ಕಾರಣವನ್ನು ಹೆಸರಿಟ್ಟು ಹೇಳುತ್ತದೆ. ಕಂಪನಿ ಸರ್ಕಾರ ತನ್ನ ಇನಾಂ ಆಯೋಗದ ಕಡತಗಳನ್ನು ತೆರೆದು ನೋಡಿದ್ದರೆ ನರಗುಂದದ ಉತ್ತರ ಅಲ್ಲೇ ಸಿಗುತ್ತಿತ್ತು.

ರೌಂಡ್ ಟೇಬಲ್: ಮುಚ್ಚಿದ ಬಾಗಿಲಿನ ನಿಜಕೂಟ

ಪಿತೂರಿ ಸಿದ್ಧಾಂತಗಳೆಲ್ಲ ಹುಸಿ ಎಂದು ತಳ್ಳಿಹಾಕುವವರು ಎದುರಿಸಬೇಕಾದ ಪ್ರಸಂಗ ಇದು. ದಕ್ಷಿಣ ಆಫ್ರಿಕದಲ್ಲಿ ಲಾರ್ಡ್ ಮಿಲ್ನರನ ಕೈಕೆಳಗೆ ಪಳಗಿದ ಲಯನೆಲ್ ಕರ್ಟಿಸ್, ಫಿಲಿಪ್ ಕೆರ್ ಮೊದಲಾದವರು 1909ರಲ್ಲಿ ರೌಂಡ್ ಟೇಬಲ್ ಎಂಬ ಕೂಟ ಕಟ್ಟಿದರು. ಬ್ರಿಟಿಷ್ ಸಾಮ್ರಾಜ್ಯವನ್ನು ಒಂದು ಒಕ್ಕೂಟವಾಗಿಸುವುದು ಅವರ ಕನಸು. ಬಾಗಿಲು ಮುಚ್ಚಿಕೊಂಡು ಅಧ್ಯಯನ ಮಾಡುವುದು, ಕರಡು ಬರೆದು ಆಯ್ದವರಿಗೆ ಹಂಚುವುದು, ತಮ್ಮವರನ್ನು ಮಂತ್ರಿಗಳ ಹತ್ತಿರ ಸೇರಿಸುವುದು ಅವರ ರೀತಿ. ಸರ್ ವಿಲಿಯಂ ಡ್ಯೂಕ್ ಸೇರಿದ್ದ ಲಂಡನ್ನಿನ ಅವರ ಅಧ್ಯಯನ ಗುಂಪು ಭಾರತದ ಪ್ರಾಂತಗಳಲ್ಲಿ ಆಡಳಿತದ ಖಾತೆಗಳನ್ನು ಎರಡು ಪಾಲು ಮಾಡುವ ಟಿಪ್ಪಣಿಯೊಂದನ್ನು ಸಿದ್ಧಪಡಿಸಿತು. ಮುಂದೆ ದ್ವಿಮುಖ ಆಡಳಿತ ಎನಿಸಿದ್ದು ಇದೇ.

1916ರಲ್ಲಿ ಕರ್ಟಿಸ್ ಭಾರತಕ್ಕೆ ಬಂದ. ಅವನು ಕೆರ್‌ಗೆ ಬರೆದ ಖಾಸಗಿ ಪತ್ರದ ಪ್ರತಿ ಹೊರಬಿದ್ದು ವರ್ಷದ ಕೊನೆಗೆ ಪತ್ರಿಕೆಗಳಲ್ಲಿ ಅಚ್ಚಾಯಿತು. ಭಾರತವನ್ನು ಬಿಳಿಯ ವಸಾಹತುಗಳ ಕೈಗೊಪ್ಪಿಸುವ ಸಂಚು ನಡೆದಿದೆ ಎಂದು ಲಖನೌ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ದೊಡ್ಡ ಗುಲ್ಲೆದ್ದಿತು. ಕರ್ಟಿಸ್ 1917ರಲ್ಲಿ ಭಾರತದ ಜನರಿಗೆ ಬಹಿರಂಗ ಪತ್ರಗಳನ್ನು ಬರೆದು ಉತ್ತರ ಕೊಡಬೇಕಾಯಿತು. 1919ರ ಭಾರತ ಸರ್ಕಾರ ಕಾಯ್ದೆ ದ್ವಿಮುಖ ಆಡಳಿತವನ್ನೇ ತಂದಿತು. ಅದರಡಿ ಧಾರವಾಡ ಸೀಮೆಯ ಸರ್ ಸಿದ್ದಪ್ಪ ಕಂಬಳಿಯವರು ಮುಂಬಯಿ ಪ್ರಾಂತದ ಸಚಿವರಾದರು. ರೋಣ, ನರಗುಂದದ ಶಾಲೆಗಳ ಕಡತ ಲಂಡನ್ನಿನ ಕೂಟವೊಂದರಲ್ಲಿ ಹುಟ್ಟಿದ ವಿಭಜನೆಯಂತೆ ಭಾರತೀಯ ಸಚಿವರ ಮೇಜಿಗೆ ಬಂತು, ಕಂದಾಯ ಮತ್ತು ಪೊಲೀಸು ಗವರ್ನರನ ಕೈಯಲ್ಲೇ ಉಳಿದವು.

ಕರ್ಟಿಸ್ 1920ರಲ್ಲಿ ಲಂಡನ್ನಿನಲ್ಲಿ ಚಾಥಮ್ ಹೌಸ್ ಎಂದು ಹೆಸರಾದ ಅಂತರರಾಷ್ಟ್ರೀಯ ವ್ಯವಹಾರಗಳ ಸಂಸ್ಥೆಯ ಸ್ಥಾಪಕರಲ್ಲೊಬ್ಬನಾದ. 1921ರಲ್ಲಿ ನ್ಯೂಯಾರ್ಕಿನ ವಿದೇಶಾಂಗ ಸಂಬಂಧಗಳ ಮಂಡಳಿ ಹುಟ್ಟಿತು. ಅಮೆರಿಕದ ಇತಿಹಾಸಕಾರ ಕ್ಯಾರಲ್ ಕ್ವಿಗ್ಲಿ 1966ರ ತನ್ನ ಗ್ರಂಥದಲ್ಲಿ ಈ ಕೂಟಗಳ ನಂಟನ್ನು ವಿವರಿಸಿದ. ಅವನ ಪುಟಗಳನ್ನು ಅಮೆರಿಕದ ಬಲಪಂಥೀಯ ಗುಂಪುಗಳು ಕತ್ತರಿಸಿಕೊಂಡು ‘ಜಗತ್ತನ್ನು ಆಳುವ ಗುಪ್ತ ಸರ್ಕಾರ’ದ ಕಥೆ ಕಟ್ಟಿದವು. ಇನ್ನೊಂದು ಕವಲು ಹೆಚ್ಚು ವಿಷಕಾರಿ: 1903ರಲ್ಲಿ ರಷ್ಯದಲ್ಲಿ ಅಚ್ಚಾದ ‘ಯಹೂದಿ ಹಿರಿಯರ ನಿರ್ಣಯಗಳು’ ಎಂಬ ಕಾಗದ ಶುದ್ಧ ಕೃತ್ರಿಮವೆಂದು 1921ರಲ್ಲಿ ಲಂಡನ್ನಿನ ‘ಟೈಮ್ಸ್’ ತೋರಿಸಿಕೊಟ್ಟರೂ ಅದರ ಪ್ರಚಾರ ನಿಲ್ಲಲಿಲ್ಲ, ಯಹೂದಿಗಳ ಹತ್ಯಾಕಾಂಡಕ್ಕೆ ಅದು ನೆಲ ಹದಮಾಡಿತು. ಇಂದು ಹಣಕಾಸು ಸಂಸ್ಥೆಗಳ ಬಗ್ಗೆ, ಸಂಶೋಧನಾ ಸಂಸ್ಥೆಗಳ ಬಗ್ಗೆ ಬರುವ ಹಲವು ‘ಗುಪ್ತ ಆಡಳಿತ’ದ ಕಥೆಗಳಲ್ಲಿ ಅದರ ವಾಸನೆ ಉಳಿದಿದೆ. ಕನ್ನಡ ಓದುಗರು ಅದನ್ನು ಗುರುತಿಸುವುದು ಅಗತ್ಯ.

ರೌಂಡ್ ಟೇಬಲ್ ನಿಜವಾಗಿ ಇತ್ತು, ಗುಟ್ಟನ್ನೂ ಪಾಲಿಸಿತು, ಕಾನೂನಿನ ಮೇಲೆ ಪ್ರಭಾವವನ್ನೂ ಬೀರಿತು. ಆದರೆ ಅದರ ಮುಖ್ಯ ಗುರಿಯಾಗಿದ್ದ ಸಾಮ್ರಾಜ್ಯದ ಒಕ್ಕೂಟ ಆಗಲೇ ಇಲ್ಲ. ದ್ವಿಮುಖ ಆಡಳಿತವನ್ನೂ ಭಾರತೀಯರ ಒತ್ತಡ ಹದಿನೈದೇ ವರ್ಷಗಳಲ್ಲಿ ಹಳತಾಗಿಸಿತು. ಪ್ರಭಾವವಿದ್ದ ಮಾತ್ರಕ್ಕೆ ಹತೋಟಿ ಇತ್ತೆಂದಾಗುವುದಿಲ್ಲ. ಕೂಟವೊಂದು ಬಯಸಿದ್ದಕ್ಕೂ ಕೊನೆಗೆ ಆದದ್ದಕ್ಕೂ ಇರುವ ಅಂತರವನ್ನು ಅಳೆಯದೆ ಬರೆದ ಯಾವ ಪಿತೂರಿ ಕಥನವೂ ನಂಬಲು ಯೋಗ್ಯವಲ್ಲ.

ಶೀತಲ ಸಮರದ ಹಣ

ಸ್ವತಂತ್ರ ಭಾರತದ ‘ವಿದೇಶಿ ಕೈ’ ಭಯಕ್ಕೆ ಗಟ್ಟಿ ಆಧಾರವಿತ್ತು. ಯೋಜನಾ ಆಯೋಗದೊಡನೆ ಕೆಲಸ ಮಾಡುತ್ತಿದ್ದ ಅಮೆರಿಕದ ಎಂಐಟಿಯ ಅಂತರರಾಷ್ಟ್ರೀಯ ಅಧ್ಯಯನ ಕೇಂದ್ರಕ್ಕೆ ಸಿಐಎ ಹಣ ಬಂದಿತ್ತೆಂದು ತಿಳಿದಾಗ 1960ರ ದಶಕದ ಮಧ್ಯದಲ್ಲಿ ಅದರ ಭಾರತದ ಕೆಲಸ ನಿಂತಿತು. 1967ರಲ್ಲಿ ಅಮೆರಿಕದ ಪತ್ರಿಕೆಗಳೇ ಸಿಐಎ ಹಣ ಹರಿದ ದಾರಿಗಳನ್ನು ಬಯಲಿಗೆಳೆದವು, ಏಷ್ಯಾ ಫೌಂಡೇಶನ್ ಆ ಹಣ ಪಡೆದದ್ದನ್ನು ಒಪ್ಪಿಕೊಂಡಿತು. ಮರುವರ್ಷ ಭಾರತ ಅದರ ಕಚೇರಿ ಮುಚ್ಚಿಸಿತು. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಬಂತು.

ಮುಂದಿನದು ಅಷ್ಟು ನೇರವಲ್ಲ. 1982ರಲ್ಲಿ ನೇಮಕವಾದ ಕುದಾಲ್ ಆಯೋಗ ವರ್ಷಾನುಗಟ್ಟಲೆ ತನಿಖೆಗೆ ಎಳೆದದ್ದು ಗಾಂಧಿ ಶಾಂತಿ ಪ್ರತಿಷ್ಠಾನದಂಥ, ಜಯಪ್ರಕಾಶ ನಾರಾಯಣರ ಚಳವಳಿಗೆ ಹತ್ತಿರವಾಗಿದ್ದ ಸಂಸ್ಥೆಗಳನ್ನು. ನಿಜವಾದ ಒಂದು ಅಪಾಯದ ಹೆಸರು ಆಳುವವರಿಗೆ ಬೇಡವಾದವರ ಮೇಲೆ ಬೀಸುವ ಕೋಲಾಯಿತು. 1973ರಲ್ಲಿ ಹುಟ್ಟಿದ ದೆಹಲಿಯ ನೀತಿ ಸಂಶೋಧನಾ ಕೇಂದ್ರದ ವಿದೇಶಿ ವಂತಿಗೆ ಪರವಾನಗಿ 2024ರ ಜನವರಿಯಲ್ಲಿ ರದ್ದಾದಾಗಲೂ ಇದೇ ಚರ್ಚೆ ಮತ್ತೆ ಎದ್ದಿತು. ವಿದೇಶಿ ಹಣದ ಲೆಕ್ಕ ಕೇಳುವುದು ಸರ್ಕಾರದ ಹಕ್ಕು. ತನಗೆ ಹಿಡಿಸದ ಸಂಶೋಧನೆಯ ಬಾಯಿ ಮುಚ್ಚಿಸಲು ಆ ಹಕ್ಕನ್ನು ಬಳಸಿದರೆ ನಷ್ಟವಾಗುವುದು ನೀತಿಗೇ.

1980ರ ಬಂಡಾಯ ಮತ್ತು ಆಮೇಲೆ

ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟು 1970ರ ದಶಕದಲ್ಲಿ ಮಲಪ್ರಭೆಯ ನೀರನ್ನು ನರಗುಂದ, ನವಲಗುಂದ, ರೋಣ, ಸವದತ್ತಿ, ರಾಮದುರ್ಗದ ಎರಿ ಹೊಲಗಳಿಗೆ ತಂದಿತು. ವರಲಕ್ಷ್ಮಿ ಹತ್ತಿ ಬೆಳೆದ ರೈತ ಮೊದಮೊದಲು ಕೈತುಂಬ ದುಡ್ಡು ಕಂಡ, ಆಮೇಲೆ ಹತ್ತಿಯ ಧಾರಣೆ ಕುಸಿಯಿತು. ನೀರಾವರಿಯಿಂದ ಭೂಮಿಯ ಬೆಲೆ ಏರಿದೆ ಎಂದು ಸರ್ಕಾರ 1957ರ ಕಾಯ್ದೆಯಡಿ ‘ಬೆಟರ್‌ಮೆಂಟ್ ಲೆವಿ’ ಹೇರಿತು. ನೀರು ಮುಟ್ಟದ ಹೊಲಕ್ಕೂ ನೋಟೀಸು ಬಂತು, ಕೆಲವೆಡೆ ನೀರು ನಿಂತು ನೆಲ ಸವಳಾಯಿತು. ರೈತರು ಮಲಪ್ರಭಾ ನೀರಾವರಿ ಪ್ರದೇಶದ ಸಮನ್ವಯ ಸಮಿತಿ ಕಟ್ಟಿಕೊಂಡು ಬೇಡಿಕೆಗಳನ್ನು ಮುಂದಿಟ್ಟರು.

1980ರ ಜುಲೈ 21ರಂದು ಬಂದ್ ನಡೆಯಿತು. ನರಗುಂದದಲ್ಲಿ ತಹಶೀಲ್ದಾರ ಕಚೇರಿಯ ಮುಂದಿನ ಧರಣಿ ಘರ್ಷಣೆಗೆ ತಿರುಗಿ ಗೋಲಿಬಾರ್ ಆಯಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಅಲ್ಲಿ, ಅಳಗವಾಡಿಯ ಬಸಪ್ಪ ಲಕ್ಕುಂಡಿ ನವಲಗುಂದದಲ್ಲಿ ಪ್ರಾಣ ಬಿಟ್ಟರು. ನರಗುಂದದಲ್ಲಿ ಪೊಲೀಸರೂ ಸತ್ತರು. ಆ ದಿನವನ್ನು ಈಗಲೂ ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ, ನರಗುಂದದ ವೀರಗಲ್ಲಿನ ಮುಂದೆ ಜನ ಸೇರುತ್ತಾರೆ. ಇಲ್ಲಿಯೂ ಬಂಡಾಯದ ಕಾರಣ ಯಾವ ಗುಪ್ತ ಕೋಣೆಯಲ್ಲೂ ಇರಲಿಲ್ಲ. ಅದು ತಾಲ್ಲೂಕು ಕಚೇರಿಯ ವಸೂಲಿ ಪುಸ್ತಕದಲ್ಲಿ ಬರೆದಿತ್ತು. ಲೆವಿಯನ್ನು ಲೆಕ್ಕ ಹಾಕಿದ ತಜ್ಞರ ಸೂತ್ರ ಮಾತ್ರ ಅದನ್ನು ಕಟ್ಟಬೇಕಾದ ರೈತನಿಗೆ ಅವನ ಭಾಷೆಯಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ.

ಈ ಬಂಡಾಯದ ಕಾವಿನಲ್ಲೇ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮೊದಲಾದವರ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು. 1991ರ ಡಿಸೆ‌ಂಬರಿನ ಡಂಕೆಲ್ ಕರಡು (ಗ್ಯಾಟ್ ವ್ಯಾಪಾರ ಮಾತುಕತೆಯ ಕರಡು) ಬಂದಾಗ ಬೀಜದ ಮೇಲಿನ ಹಕ್ಕಿನ ಪ್ರಶ್ನೆಯನ್ನು ಹಳ್ಳಿಗೆ ಕೊಂಡೊಯ್ದದ್ದು ಈ ಸಂಘ. 1992ರ ಡಿಸೆಂಬರ್ 29ರಂದು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಯಲ್ಲಿ ಸುಟ್ಟದ್ದು ಜಗತ್ತಿನ ಸುದ್ದಿಯಾಯಿತು. ಜಗತ್ತಿನ ವ್ಯಾಪಾರ ನೀತಿಯನ್ನು ರೈತರಿಲ್ಲದ ಕೋಣೆಗಳಲ್ಲಿ ಬರೆಯಲಾಗುತ್ತಿದೆ ಎಂಬ ಅವರ ದೂರಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಗ್ಯಾಟ್ ಮಾತುಕತೆ ನಡೆದದ್ದು ಹಾಗೆಯೇ.

1998ರ ಪ್ರಸಂಗ ಬೇರೆ. ಆ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಕಂಪನಿಗೆ, ಬೆಳೆದ ಕಾಳು ಮತ್ತೆ ಮೊಳೆಯದಂತೆ ಮಾಡುವ ತಂತ್ರದ ಪೇಟೆಂಟ್ ಸಿಕ್ಕಿತು. ಅದನ್ನೇ ‘ಟರ್ಮಿನೇಟರ್’ ಎಂದು ಕರೆದರು. ಮಾನ್ಸಾಂಟೊ ಆ ಕಂಪನಿಯನ್ನು ಕೊಳ್ಳಲು ಮುಂದಾಯಿತು. ಅದೇ ಹಂಗಾಮಿನಲ್ಲಿ ಮಹಿಕೊ–ಮಾನ್ಸಾಂಟೊದ ಕುಲಾಂತರಿ ಬಿ.ಟಿ. ಹತ್ತಿಯ ಪ್ರಯೋಗ ರಾಯಚೂರು, ಬಳ್ಳಾರಿ ಕಡೆಯೂ ನಡೆದಿತ್ತು. ಪ್ರಯೋಗದ ಹೊಲದಲ್ಲಿರುವುದೇ ಟರ್ಮಿನೇಟರ್ ಎಂಬ ಸುದ್ದಿ ಹಬ್ಬಿತು, ನವೆಂಬರ್ ಕೊನೆಗೆ ರೈತ ಸಂಘ ಬೆಳೆ ಸುಟ್ಟಿತು. ಬಿ.ಟಿ. ಹತ್ತಿಯಲ್ಲಿ ಆ ತಂತ್ರ ಇರಲಿಲ್ಲ. ಅದು ಯಾವ ಬೆಳೆಯಲ್ಲೂ ಮಾರುಕಟ್ಟೆಗೆ ಬರಲಿಲ್ಲ, 1999ರ ಅಕ್ಟೋಬರಿನಲ್ಲಿ ಮಾನ್ಸಾಂಟೊ ಅದನ್ನು ಬಳಸುವುದಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಸುದ್ದಿ ಸುಳ್ಳಾದರೂ ಅದು ಹಬ್ಬಲು ಕಾರಣವಿತ್ತು: ಯಾವ ಊರಿನ ಯಾವ ಹೊಲದಲ್ಲಿ ಏನನ್ನು ಬಿತ್ತಿದ್ದಾರೆ ಎಂಬುದನ್ನು ನೆರೆಹೊಲದವನಿಗೂ ತಿಳಿಸದೆ ಪ್ರಯೋಗ ಸಾಗಿತ್ತು. 2002ರ ಮಾರ್ಚ್‌ನಲ್ಲಿ ಬಿ.ಟಿ. ಹತ್ತಿಗೆ ಒಪ್ಪಿಗೆ ಸಿಕ್ಕಿತು. ಇಂದು ರೋಣ, ನರಗುಂದದ ಹತ್ತಿ ಹೊಲಗಳಲ್ಲಿ ಹೆಚ್ಚಾಗಿ ಅದೇ ಬೆಳೆಯುತ್ತದೆ. ಬೀಜದ ಬೆಲೆ, ಗುಲಾಬಿ ಕಾಯಿಕೊರಕದಂಥ ನಿಜವಾದ ತೊಂದರೆಗಳ ಚರ್ಚೆ ಆ ಸುಳ್ಳುಸುದ್ದಿಯ ಗದ್ದಲದಲ್ಲಿ ಹಿಂದೆ ಬಿತ್ತು.

ಮಹದಾಯಿಯ ಅಂಕಿಗಳು

ಸಂಶೋಧನಾ ಸಂಸ್ಥೆಗಳ ಮೇಲಿನ ಅನುಮಾನ ಈ ಸೀಮೆಯಲ್ಲಿ ಅತಿ ಹತ್ತಿರದಿಂದ ಮುಟ್ಟುವುದು ಮಹದಾಯಿ ವಿಷಯದಲ್ಲಿ. ಗೋವಾಕ್ಕೆ ಹರಿಯುವ ಮಹದಾಯಿ ನದಿಯ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಲು 2002ರ ಏಪ್ರಿಲ್‌ನಲ್ಲಿ ಕೇಂದ್ರ 7.56 ಟಿಎಂಸಿ ಅಡಿಗೆ ತಾತ್ವಿಕ ಒಪ್ಪಿಗೆ ಕೊಟ್ಟು ಸೆಪ್ಟೆಂಬರಿನಲ್ಲಿ ತಡೆಹಿಡಿಯಿತು. ನದಿಯಲ್ಲಿ ನೀರೆಷ್ಟಿದೆ ಎಂಬುದೇ ವಿವಾದವಾಯಿತು. ಕೇಂದ್ರ ಜಲ ಆಯೋಗದ ಅಂದಾಜು 199.6 ಟಿಎಂಸಿ, ಗೋವಾ ಹೇಳಿದ್ದು ಬಹಳ ಕಡಿಮೆ. ಈ ವಿವಾದಕ್ಕೆ ನೇಮಕವಾದ ನ್ಯಾಯಮಂಡಳಿ ಕೊನೆಗೆ ಒಪ್ಪಿದ್ದು 188.06. ಒಂದೇ ನದಿ, ಒಂದೇ ಮಳೆ, ಆದರೆ ತಜ್ಞರ ಲೆಕ್ಕ ಬೇರೆಬೇರೆ. 2015ರ ಜುಲೈಯಿಂದ ನರಗುಂದದಲ್ಲಿ ಧರಣಿ ಕುಳಿತವರಿಗೆ ಈ ಲೆಕ್ಕಗಳ ಹಿಂದೆ ಯಾರಿದ್ದಾರೆ ಎಂಬ ಪ್ರಶ್ನೆ ಹುಟ್ಟಿದರೆ ಅದನ್ನು ಮೌಢ್ಯ ಎನ್ನಲಾಗದು. 2016ರ ಜುಲೈ 27ರಂದು ನ್ಯಾಯಮಂಡಳಿಯಲ್ಲಿ ಕರ್ನಾಟಕದ ಮಧ್ಯಂತರ ಅರ್ಜಿ ತಿರಸ್ಕೃತವಾದಾಗ ಸಿಟ್ಟು ಸಿಡಿಯಿತು, ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರ ಲಾಠಿಗೆ ಮನೆಯೊಳಗಿದ್ದವರೂ ಸಿಕ್ಕರು.

ಅಂಕಿಗಳು ಬೇರೆಯಾಗಲು ಕಾರಣ ಹುಡುಕಿದರೆ ಸಿಗುತ್ತದೆ: ಎಷ್ಟು ವರ್ಷಗಳ ಮಳೆ ದಾಖಲೆ ತೆಗೆದುಕೊಂಡರು, ಅಳತೆ ಇಲ್ಲದ ಹಳ್ಳಗಳ ಹರಿವನ್ನು ಯಾವ ಸೂತ್ರದಿಂದ ಅಂದಾಜಿಸಿದರು, ಶೇ. 75ರ ಭರವಸೆಯ ವರ್ಷವನ್ನು ಹೇಗೆ ಆರಿಸಿದರು ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಪ್ರತಿ ರಾಜ್ಯ ತನಗೆ ಅನುಕೂಲವಾದ ವಿಧಾನದ ತಜ್ಞನನ್ನು ಕರೆತರುತ್ತದೆ. ಇದು ಪಕ್ಷಪಾತ, ನ್ಯಾಯಮಂಡಳಿಯ ಮುಂದೆ ಹಾಡುಹಗಲೇ ನಡೆದ ಪಕ್ಷಪಾತ. ಅದನ್ನು ಎದುರಿಸುವ ದಾರಿ ಎದುರು ತಜ್ಞನ ಪಾಟೀಸವಾಲು. 2018ರ ಆಗಸ್ಟ್ 14ರ ಐತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18 ಮಲಪ್ರಭೆಗೆ ಬರಬೇಕಾದದ್ದು. 2020ರ ಫೆಬ್ರುವರಿಯಲ್ಲಿ ಅದು ರಾಜಪತ್ರದಲ್ಲಿ ಪ್ರಕಟವಾಯಿತು.

ಸಂಸ್ಥೆಗಳು ನಡೆಯುವ ರೀತಿ

ಕರ್ನಾಟಕದ ನೀತಿ ಸಂಶೋಧನೆಯ ಹಳೆಯ ನೆಲೆ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ್ದು. ಉತ್ತರ ಕರ್ನಾಟಕಕ್ಕೆ ಹತ್ತಿರದ್ದು 1987ರಲ್ಲಿ ಧಾರವಾಡದಲ್ಲಿ ಪಿ.ಆರ್. ಪಂಚಮುಖಿಯವರು ಕಟ್ಟಿದ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ. 1969ರ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಅನುದಾನ, ಸರ್ಕಾರಿ ಇಲಾಖೆಗಳು ಕೊಡುವ ಅಧ್ಯಯನಗಳು ಇಂಥ ಸಂಸ್ಥೆಗಳ ಮುಖ್ಯ ಆಧಾರ. ನಿಜವಾದ ಕಷ್ಟ ಇಲ್ಲಿದೆ. ಇಲಾಖೆಯ ಹಣದಿಂದ ಅದೇ ಇಲಾಖೆಯ ಯೋಜನೆಯನ್ನು ಅಳೆಯುವ ಸಂಶೋಧಕ ಎಷ್ಟು ಖಡಾಖಂಡಿತವಾಗಿ ಬರೆಯಬಲ್ಲ? ಒಪ್ಪಿಸಿದ ವರದಿ ಅಚ್ಚಾಗದೆ ಕಪಾಟು ಸೇರಿದರೆ ಕೇಳುವವರು ಯಾರು? ಗುಪ್ತಸಂಘದ ಕಥೆಗಳಿಗಿಂತ ಇದು ಬಹಳ ಸಪ್ಪೆ, ಬಹಳ ಹೆಚ್ಚು ಹಾನಿಕರ.

ತೆರೆದ ಬಾಗಿಲಿನ ಸಂಶೋಧನೆಗೆ ಒಳ್ಳೆಯ ಉದಾಹರಣೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ಪ್ರಾದೇಶಿಕ ಅಸಮತೋಲನ ವರದಿ. 35 ಸೂಚಕಗಳನ್ನಿಟ್ಟು 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದವು ಎಂದು ಹೆಸರು ಹೆಸರಾಗಿ ಪಟ್ಟಿ ಕೊಟ್ಟು, ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ಯೋಜನೆ ಸೂಚಿಸಿತು. ಅದರ ತೀರ್ಮಾನಗಳನ್ನು ಹಲವರು ವಿರೋಧಿಸಿದರು, ತಮ್ಮ ತಾಲ್ಲೂಕಿನ ಸ್ಥಾನವನ್ನು ಪ್ರಶ್ನಿಸಿದರು. ಪ್ರಶ್ನಿಸಲು ಸಾಧ್ಯವಾದದ್ದು ಕೋಷ್ಟಕಗಳು ಎಲ್ಲರ ಕೈಯಲ್ಲಿದ್ದುದರಿಂದ. ಆ ವರದಿಯ ಹಿಂದೆ ಗುಪ್ತ ಕೂಟವಿದೆ ಎಂಬ ಕಥೆ ಬೆಳೆಯಲಿಲ್ಲ.

ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು 2000ದಲ್ಲಿ ಮಾಡಿತ್ತು, ದೇಶದ ಕಾಯ್ದೆ 2005ರಲ್ಲಿ ಬಂತು. ಸರ್ಕಾರದ ದುಡ್ಡಿನಲ್ಲಿ ಆದ ಯಾವ ಅಧ್ಯಯನದ ಪ್ರತಿಯನ್ನಾದರೂ, ಅದಕ್ಕೆ ಸಂದ ಹಣದ ವಿವರವನ್ನಾದರೂ ಅದರಡಿ ಕೇಳಬಹುದು. ಗಜೇಂದ್ರಗಡ ಈಗ ಸ್ವಂತ ತಾಲ್ಲೂಕು. ಅರ್ಜಿ ಹಾಕಲು ರೋಣಕ್ಕೂ ಹೋಗಬೇಕಿಲ್ಲ. ಸರ್ಕಾರ ಮಾಡಬೇಕಾದದ್ದೂ ಇದೆ: ಮಹದಾಯಿ ಐತೀರ್ಪನ್ನೂ ಅದಕ್ಕೆ ಆಧಾರವಾದ ಜಲಲೆಕ್ಕದ ಅಧ್ಯಾಯಗಳನ್ನೂ ಪೂರ್ತಿಯಾಗಿ ಕನ್ನಡದಲ್ಲಿ ಅಚ್ಚು ಹಾಕಿಸಿ ನರಗುಂದ, ರೋಣ, ಗಜೇಂದ್ರಗಡದ ಗ್ರಂಥಾಲಯಗಳಲ್ಲಿ ಇಡಬೇಕು.